ಬೇವಿನೆಲೆ ಹಾಕದ ಡಬ್ಬ

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಅವರು ಕತ್ತರಿಸುತ್ತಿರಲಿಲ್ಲ. ಉಳಿದ ಒಂಬತ್ತೂ ಮೊಂಡು. ಆ ಒಂದು ಮಾತ್ರ ಅರ್ಧ ಅಂಗುಲ ಬೆಳೆದು, ಅರಿಸಿನದ ಬಣ್ಣ ಹಿಡಿದು, ತುದಿಯಲ್ಲಿ ಸ್ವಲ್ಪ ಬಾಗಿಕೊಂಡಿತ್ತು. ಮೊರದಲ್ಲಿ ಹರಡಿದ ಅಕ್ಕಿಯೊಳಗಿನ ಕಲ್ಲನ್ನು ಆ ಉಗುರು ಚಿಮ್ಮಿ ಎಸೆಯುತ್ತಿತ್ತು. ಹೆಸರುಕಾಳನ್ನು ಸೀಳಿ ಒಳಗೆ ಹುಳ ಇದೆಯೇ ಎಂದು ನೋಡುತ್ತಿತ್ತು. ದಿನಸಿ ಅಂಗಡಿಯ ಶೆಟ್ಟರು ಆ ಉಗುರು ಕಂಡರೆ ಹೆದರುತ್ತಾರೆ ಎಂದು ಅವರ ಯಜಮಾನರು ನನಗೆ ಹೇಳಿದ್ದರು. ನಿಜ ಹೇಳಬೇಕೆಂದರೆ ನಾನೂ ಹೆದರುತ್ತಿದ್ದೆ.

ಅವರು ನನ್ನ ಮನೆಯೊಡತಿ. ಐವತ್ತರ ದಶಕ ಮುಗಿದು ಅರವತ್ತು ಶುರುವಾಗುವ ಹೊತ್ತಿಗೆ ನಾನು ಜಯನಗರದಲ್ಲಿ ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಕೃಷಿ ಇಲಾಖೆಯ ಕೀಟ ವಿಭಾಗದಲ್ಲಿ ಕೆಲಸ, ವಯಸ್ಸು ಇಪ್ಪತ್ತೈದು, ಮದುವೆಯಾಗಿರಲಿಲ್ಲ. ಆಗಿನ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟುಗಳ ತುಂಬ ತುಂಬೆ ಗಿಡ, ಅದರಾಚೆ ರಾಗಿ ಹೊಲ. ಬಸವನಗುಡಿಯಿಂದ ಬಂದು ಮನೆ ಕಟ್ಟಿಸಿದವರನ್ನು ಅಲ್ಲಿನ ನೆಂಟರು ಕಾಡಿಗೆ ಹೋದವರು ಎಂದೇ ಆಡಿಕೊಳ್ಳುತ್ತಿದ್ದರು. ನನ್ನ ಮನೆಯೊಡತಿಯೂ ಬಸವನಗುಡಿಯವರೇ. ಯಜಮಾನರು ನಿವೃತ್ತ ಸ್ಟೇಷನ್ ಮಾಸ್ಟರು. ಒಬ್ಬಳೇ ಮಗಳನ್ನು ಮೈಸೂರಿಗೆ ಕೊಟ್ಟಿತ್ತು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ.

ಅವರ ಉಗ್ರಾಣ ಆ ಬೀದಿಗೆಲ್ಲ ಹೆಸರುವಾಸಿಯಾಗಿತ್ತು. ತೊಳೆದು ಒಣಗಿಸಿದ ಸೀಮೆಎಣ್ಣೆ ಡಬ್ಬಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿರುತ್ತಿದ್ದವು. ಬೇಳೆ, ಕಾಳು, ಅಕ್ಕಿ, ಏನೇ ಬರಲಿ, ಅದಕ್ಕೆ ಒಂದು ದಿನ ಬಿಸಿಲು, ಅಂಗೈಯಲ್ಲಿ ತೆಳುವಾಗಿ ಒಂದು ಕೈ ಹರಳೆಣ್ಣೆ, ಡಬ್ಬದ ತಳಕ್ಕೊಂದು ಹಿಡಿ ಒಣಗಿದ ಬೇವಿನೆಲೆ. "ಕಾಳು ಕೈಗೆ ಬಂತು ಅಂದ್ರೆ ಮೊದಲು ಎಣ್ಣೆ, ಆಮೇಲೆ ಮಾತು" ಎನ್ನುತ್ತಿದ್ದರು. ನೆಂಟರು ಬಾಗಿಲಲ್ಲಿ ನಿಂತಿದ್ದರೂ ಅಷ್ಟೇ. ಬೀದಿಯ ಹೆಂಗಸರು ತಮ್ಮ ಅಕ್ಕಿ ಹಾಳಾದಾಗ ಸೆರಗಿನೊಳಗೆ ಒಂದು ಹಿಡಿ ಬಚ್ಚಿಟ್ಟು ತಂದು, ತಗ್ಗಿದ ದನಿಯಲ್ಲಿ ಇವರನ್ನು ಉಪಾಯ ಕೇಳಿ ಹೋಗುತ್ತಿದ್ದರು. ಇವರು ವೈದ್ಯರ ಗತ್ತಿನಲ್ಲಿ ಉಗುರಿನಿಂದ ಕೆದಕಿ ನೋಡಿ, "ಬಿಸಿಲು ಸಾಲ್ದು ರೀ" ಎಂದು ತೀರ್ಪು ಕೊಡುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ತಮ್ಮ ಮನೆಯ ಅನ್ನದಲ್ಲಿ ಒಂದು ಹುಳ ಕಂಡಿಲ್ಲ ಎನ್ನುವುದು ಅವರ ಹೆಮ್ಮೆ. ಚಿನ್ನದ ಬಗ್ಗೆಯೂ ಅವರು ಅಷ್ಟು ಹೆಮ್ಮೆಪಟ್ಟಿದ್ದನ್ನು ನಾನು ನೋಡಲಿಲ್ಲ.

ಇಂಥವರ ಮನೆಯಲ್ಲಿ ಹುಳ ಸಾಕುವ ಕೆಲಸ ನನ್ನದು.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಟೊಮೇಟೊ ಗಿಡದ ಮೇಲೆ ಒಂದು ಕಂದು ಪತಂಗ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಹುಳ ಕಾಯಿ ಕೊರೆಯುತ್ತದೆ. ಅದಕ್ಕೆ ಆಗ ಎಲ್ಲರಿಗೂ ಗೊತ್ತಿದ್ದ ಮದ್ದು ಒಂದೇ, ಡಿಡಿಟಿ ಪುಡಿ. ನಮ್ಮ ಬಳಿ ಇದ್ದದ್ದು ಒಂದು ಕಣಜ. ಕಣಜ ಎಂದರೆ ಕಚ್ಚುವ ಕಡಜವಲ್ಲ, ಸಾಸಿವೆ ಕಾಳಿನ ಕಾಲು ಭಾಗವೂ ಇಲ್ಲದ ಒಂದು ಚುಕ್ಕಿ. ಅದು ಪತಂಗದ ಮೊಟ್ಟೆಯನ್ನು ಹುಡುಕಿ, ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಒಳಗೆ ಹುಟ್ಟಿದ ಮರಿ ಅದನ್ನೇ ತಿಂದು ಬೆಳೆದು ಹೊರಬರುತ್ತದೆ. ಕಾಯಿ ಕೊರೆಯುವ ಹುಳ ಹುಟ್ಟುವುದೇ ಇಲ್ಲ. ಇಂಥ ಕಣಜಗಳನ್ನು ಸಾವಿರಗಟ್ಟಲೆ ಬೆಳೆಸಲು ಯಾವುದಾದರೂ ಪತಂಗದ ಮೊಟ್ಟೆ ರಾಶಿಗಟ್ಟಲೆ ಬೇಕು. ಸುಲಭವಾಗಿ ಬೆಳೆಯುವುದು ಅಕ್ಕಿಯಲ್ಲಿ ನೂಲುನೂಲಾಗಿ ಗೂಡು ಕಟ್ಟುವ ಬೂದು ಪತಂಗ. ಅಂದರೆ ಬೀದಿಯ ಹೆಂಗಸರಿಗೆಲ್ಲ ಯಾವುದು ಶತ್ರುವೋ ಅದು ನನ್ನ ದನಕರು. ಅವನ್ನು ಕಚೇರಿಯಲ್ಲೇ ಸಾಕಬಹುದಿತ್ತು. ಆದರೆ ಅದೇ ಕಟ್ಟಡದಲ್ಲಿ ಡಿಡಿಟಿ ಮೂಟೆಗಳ ಗೋದಾಮು ಇತ್ತು, ಆ ಗಾಳಿಗೆ ಪತಂಗವೂ ಉಳಿಯುತ್ತಿರಲಿಲ್ಲ, ಕಣಜವೂ ಉಳಿಯುತ್ತಿರಲಿಲ್ಲ. ಮನೆಯಲ್ಲಿ ಸಾಕುತ್ತೇನೆ ಎಂದು ಸಾಹೇಬರನ್ನು ಒಪ್ಪಿಸಿದೆ. ಅಮ್ಮನನ್ನು ಒಪ್ಪಿಸುವುದು ಬಾಕಿ ಇತ್ತು.

ಕಣಜದ ಕಾರ್ಡನ್ನೂ ಭೂತಗನ್ನಡಿಯನ್ನೂ ಹಿಡಿದು ಅವರ ಜಗಲಿಗೆ ಹೋದೆ. ಕಾರ್ಡು ಎಂದರೆ ಗೋಂದು ಸವರಿದ ರಟ್ಟಿನ ತುಂಡು, ಅದರ ಮೇಲೆ ರವೆಯಂತೆ ಉದುರಿಸಿದ ಮೊಟ್ಟೆಗಳು. ಕಣಜ ಹೊಕ್ಕ ಮೊಟ್ಟೆ ನಾಲ್ಕು ದಿನಕ್ಕೆ ಕಪ್ಪಾಗುತ್ತದೆ. ಅವರು ಗಾಜಿನೊಳಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಅಂದ್ರೆ ಇವಳು ಇನ್ನೊಬ್ಬಳ ತೊಟ್ಟಿಲಲ್ಲಿ ತನ್ನ ಮಗೂನ ಮಲಗಿಸಿ ಹೋಗ್ತಾಳೆ ಅನ್ನು" ಎಂದರು.

"ಹೌದಮ್ಮ."

"ಘಾಟಿ ಹೆಂಗಸು. ಇರ್ಲಿ, ಸಾಕ್ಕೋ. ಆದ್ರೆ ನಿನ್ನ ಡಬ್ಬಗಳು ಹಿಂದಿನ ಹೊಸಲು ದಾಟಿ ಈ ಕಡೆ ಬರಕೂಡ್ದು. ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿರ್ಬೇಕು."

ಒಪ್ಪಿದೆ. ಆದರೆ ಹೊಸಲು ದಾಟಿದ್ದು ಅವರೇ. ಪತಂಗದ ಮರಿಗಳಿಗೆ ಜೋಳ ನುಚ್ಚು ಮಾಡಬೇಕು. ನಾನು ಕುಟ್ಟುವ ಸದ್ದು ಕೇಳಲಾರದೆ ಒಂದು ದಿನ ಬಂದು, "ಹಾಗಲ್ಲ ಬಿಡು, ಜೋಳಕ್ಕೆ ಏನು ಹೊಡೀತಿದ್ದೀಯೋ ಹಾವಿಗೆ ಹೊಡೆದ ಹಾಗೆ" ಎಂದು ಕಿತ್ತುಕೊಂಡು ತಮ್ಮ ಬೀಸುಕಲ್ಲಿಗೆ ಹಾಕಿದರು. ಆಮೇಲೆ ಅದು ಅವರದೇ ಕೆಲಸವಾಯಿತು. ಪತಂಗದ ಮೊಟ್ಟೆಯೊಂದಿಗೆ ಅದರ ರೆಕ್ಕೆಯ ಧೂಳೂ ಉದುರಿರುತ್ತದೆ, ಅದನ್ನು ಬೇರೆ ಮಾಡಲು ನಾನು ಜರಡಿ ಹಿಡಿದು ಮೂಗಿನ ತುಂಬ ಧೂಳು ತುಂಬಿಕೊಂಡು ಸೀನುತ್ತಿದ್ದೆ. ಅವರು ಚಿಕ್ಕ ಮೊರದಲ್ಲಿ ಹಾಕಿ ಮೂರು ಸಲ ಕೇರಿದರೆ ಧೂಳು ಒಂದು ಕಡೆ, ಮೊಟ್ಟೆ ಒಂದು ಕಡೆ. ಯಾವ ಪುಸ್ತಕದಲ್ಲೂ ಈ ವಿಧಾನ ಇರಲಿಲ್ಲ. ನನ್ನ ವರದಿಯಲ್ಲಿ ಮಾತ್ರ ಅದನ್ನು ನಾನೇ ಕಂಡುಹಿಡಿದಂತೆ ಬರೆದಿದ್ದೇನೆ. ಈಗ ನಾಚಿಕೆಯಾಗುತ್ತದೆ.

ಆ ವರ್ಷ ಮೊದಲ ಸಲ ಹೊಲದಲ್ಲಿ ಪರೀಕ್ಷೆ ಮಾಡುವ ಅವಕಾಶ ಸಿಕ್ಕಿತು. ಹುಳಿಮಾವಿನ ಕೆರೆ ಕೆಳಗೆ ಅರ್ಧ ಎಕರೆ ಟೊಮೇಟೊ ಹಾಕಿದ್ದ ಒಬ್ಬ ಗೌಡರು ಒಪ್ಪಿದರು. ನೀರಿನ ಅನುಕೂಲವಿದ್ದ ಜಮೀನು ಅವರಿಗೆ ಇದ್ದದ್ದು ಅದೊಂದೇ. ನಾನು ಬನ್ನೇರುಘಟ್ಟ ರಸ್ತೆಯಲ್ಲಿ ಸೈಕಲ್ ತುಳಿದು ಹೋಗಿ ಕಾರ್ಡು ತೋರಿಸಿದಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಪುಡಿ ಉದುರಿಸ್ಬ್ಯಾಡಿ ಅಂತೀರಿ. ಹುಳ ಬಿದ್ರೆ ಏನ್ ಮಾಡಾನ ಸಾರ್?"

"ಬೀಳಲ್ಲ ಗೌಡ್ರೇ. ನಾನಿದ್ದೀನಲ್ಲ" ಎಂದೆ. ಇಪ್ಪತ್ತೈದರ ವಯಸ್ಸಿನಲ್ಲಿ ಇಂಥ ಮಾತು ಬಹಳ ಸಲೀಸಾಗಿ ಬರುತ್ತದೆ.

ಗಿಡ ಹೂವಾಗುವ ಹೊತ್ತಿಗೆ ಮೊಟ್ಟೆ ರಾಶಿಗಟ್ಟಲೆ ಬೇಕು. ಮೊಟ್ಟೆಯಿಂದ ಪತಂಗವಾಗಲು ನಲವತ್ತು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಅದಕ್ಕೆ ಮೊದಲೇ ನಾಲ್ಕು ದೊಡ್ಡ ಡಬ್ಬ ತಂದೆ. ಅದುವರೆಗೆ ಡಬ್ಬ ತುಂಬುತ್ತಿದ್ದವನು ನಾನೇ, ಈ ಸಲ ಅಮ್ಮ ಜೋಳ ಬೀಸಿ ನಾಲ್ಕನ್ನೂ ತಾವೇ ತುಂಬಿಟ್ಟರು. ನಾನು ಮೇಲಿನಿಂದ ಮೊಟ್ಟೆ ಉದುರಿಸಿ ಬಟ್ಟೆ ಕಟ್ಟಿದೆನೇ ಹೊರತು ಒಳಗೆ ಕೈಹಾಕಿ ನೋಡಲಿಲ್ಲ. ದೊಡ್ಡ ವಿಜ್ಞಾನಿ! ಕಣಜಗಳ ವಂಶ ಆರದಂತೆ ನೋಡಿಕೊಳ್ಳಲು ಹಳೆಯದೊಂದು ಅಕ್ಕಿ ಡಬ್ಬ ಇತ್ತು. ಅದರಿಂದ ಬರುತ್ತಿದ್ದ ಮೊಟ್ಟೆ ಒಂದು ಹೊಲಕ್ಕೆ ಎಲ್ಲಿ ಸಾಕು?

ದಿನ ತುಂಬಿತು. ಒಂದು ಪತಂಗವೂ ಬರಲಿಲ್ಲ. ಇನ್ನೂ ಮೂರು ದಿನ ಕಾದೆ. ನಾಲ್ಕನೆಯ ದಿನ ಬೆಳಗ್ಗೆ ಬಟ್ಟೆ ಬಿಚ್ಚಿ ಒಳಗೆ ಕೈಹಾಕಿದೆ. ಗೂಡಿಲ್ಲ, ನೂಲಿಲ್ಲ, ಜೋಳದ ನುಚ್ಚು ಅಂದು ಬೀಸಿದಂತೆ ಶುಭ್ರವಾಗಿತ್ತು. ಕೈ ಹೊರಗೆ ತೆಗೆದು ಮೂಸಿದೆ, ಹರಳೆಣ್ಣೆ. ತಳ ಕೆದಕಿದರೆ ಹಿಡಿ ಹಿಡಿ ಒಣಗಿದ ಬೇವಿನೆಲೆ ಬಂತು. ನಾಲ್ಕು ಡಬ್ಬದಲ್ಲೂ ಅದೇ.

ಆ ಎಲೆಗಳನ್ನು ಹಿಡಿದುಕೊಂಡೇ ಅವರ ಅಡುಗೆಮನೆ ಬಾಗಿಲಿಗೆ ಹೋಗಿ ಹುಚ್ಚನಂತೆ ಕೂಗಾಡಿದೆ. ನಿಮ್ಮ ಮಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಕಾಗಿತ್ತು ಎಂದೆ. ಒಬ್ಬ ಬಡ ರೈತನ ಬೆಳೆ ನಿಮ್ಮಿಂದ ಹಾಳಾಯಿತು ಎಂದೆ. ತಾಯಿಯ ವಯಸ್ಸಿನವರಿಗೆ ಹಾಗೆ ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅವರು ಎಲೆ ನೋಡಿದರು, ಆಮೇಲೆ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ಕೈ ತಾನೇ ಮಾಡ್ಬಿಡ್ತಲ್ಲಪ್ಪ" ಎಂದರು. "ನನಗೆ ಗೊತ್ತೇ ಆಗ್ಲಿಲ್ಲ."

ಕಚೇರಿಗೆ ಹೋದರೆ ಸಾಹೇಬರು ಬೈಯಲೂ ಇಲ್ಲ. "ಆ ರೈತನಿಗೆ ಪುಡಿ ಹಾಕ್ಕೊಳ್ಳಿ ಅಂತ ಹೇಳ್ಬಿಡು. ಹತ್ತು ಹನ್ನೆರಡು ದಿನದೊಳಗೆ ನಿನ್ನ ಕಾರ್ಡು ಹೊಲಕ್ಕೆ ಹೋಗ್ದಿದ್ರೆ ಈ ಕಣಜದ ಫೈಲು ಕ್ಲೋಸ್ ಮಾಡೋಣ" ಎಂದರು. ಸಂಜೆ ಬಂದು ಮೆಟ್ಟಿಲ ಮೇಲೆ ಕೂತಿದ್ದೆ. ಅಮ್ಮ ಕಾಫಿ ತಂದು ಪಕ್ಕದಲ್ಲಿಟ್ಟರು. ಸಾಹೇಬರು ಹೇಳಿದ್ದನ್ನು ಕೇಳಿ ತಿಳಿದುಕೊಂಡರು.

"ಬೇರೆ ಮನೆ ಹುಳ ಆದ್ರೂ ಆಗತ್ತಾ?" ಎಂದು ಕೇಳಿದರು.

"ಆಗತ್ತೆ. ಗೂಡು ಕಟ್ಟಿರೋ ಅಕ್ಕಿ ಸಿಕ್ಕಿದ್ರೆ ಎರಡು ಮೂರು ದಿನದಲ್ಲೇ ಪತಂಗ ಬರ್ತವೆ. ಆದ್ರೆ ಯಾರು ಕೊಡ್ತಾರಮ್ಮ? ಹುಳ ಇದೆ ಅಂತ ಯಾರು ಒಪ್ಕೋತಾರೆ?"

ಅವರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ಕಾಸಗಲ ಕುಂಕುಮ ಇಟ್ಟು, ದೊಡ್ಡ ಮೊರ ಹಿಡಿದು ನನ್ನ ಕೋಣೆಗೆ ಬಂದರು. ಹಳೆಯ ಡಬ್ಬದಿಂದ ಹುಳ ಹಿಡಿದ ಅಕ್ಕಿಯನ್ನು ಮೊರದ ತುಂಬ ಸುರಿಸಿಕೊಂಡರು. ನೂಲು ಹಿಡಿದು ಮುದ್ದೆಯಾದ ಅಕ್ಕಿ, ಅದರ ಮೇಲೆ ಹರಿದಾಡುವ ಮರಿಗಳು, ಒಂದೆರಡು ಬೂದು ಪತಂಗ. ಅದನ್ನು ಎತ್ತಿಕೊಂಡು ಹೊರಟರು.

"ಅಮ್ಮ, ಬಟ್ಟೆ ಮುಚ್ಕೊಂಡು ಹೋಗಿ. ಯಾರಾದ್ರೂ ನೋಡಿದ್ರೆ..."

"ಮುಚ್ಕೊಂಡು ಹೋದ್ರೆ ಅವರೂ ಮುಚ್ಚಿಡ್ತಾರೆ" ಎಂದರು.

ನಾನು ಹಿಂದೆಯೇ ಹೋದೆ. ಮೊದಲು ನಿಂತದ್ದು ಮೂಲೆ ಮನೆಯ ಮುಂದೆ. ಆ ಮನೆಯಾಕೆಗೂ ಇವರಿಗೂ ಎಲ್ಲದರಲ್ಲೂ ಪೈಪೋಟಿ, ರಂಗೋಲಿಯಿಂದ ಹಿಡಿದು ಉಪ್ಪಿನಕಾಯಿಯವರೆಗೆ. ಇವರು ಮೊರವನ್ನು ಅವರ ಮುಂದೆ ಹಿಡಿದು, ಬೀದಿಗೆಲ್ಲ ಕೇಳುವಂತೆ ಹೇಳಿದರು:

"ನೋಡ್ರೀ, ನಮ್ಮನೆ ಅಕ್ಕಿ. ಹೀಗೆ ಹುಳ ಹಿಡಿದಿದೆ. ನಿಮ್ಮಲ್ಲೂ ಇದ್ರೆ ಕೊಡಿ, ನನಗೆ ಬೇಕು. ಒಳ್ಳೇ ಅಕ್ಕಿ ಬದಲಿಗೆ ಕೊಡ್ತೀನಿ."

ಆಕೆಯ ಕಣ್ಣು ಮೊರದ ಮೇಲಿಂದ ಇವರ ಮುಖಕ್ಕೂ, ಮುಖದಿಂದ ಮೊರಕ್ಕೂ ಓಡಾಡಿತು. "ನಿಮ್ಮನೇಲಾ?"

"ನಮ್ಮನೇಲೇ."

ಆಕೆಯ ಮುಖ ಅರಳಿದ್ದನ್ನು ನಾನು ಕಂಡೆ. ಕೋಪ ಬಂತು. ಇದು ಸರ್ಕಾರದ ಹುಳ ಎಂದು ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಕಾಲು ತುಳಿದರು. ಆಕೆ ಒಳಗೆ ಹೋಗಿ ಒಂದು ಪಾತ್ರೆ ತಂದರು. "ನಮ್ಮಲ್ಲಿ ಸ್ವಲ್ಪ, ಅಷ್ಟೇ. ಹೋದ ತಿಂಗಳದ್ದು" ಎಂದರು. ಸ್ವಲ್ಪವೇನಲ್ಲ, ಎರಡು ಸೇರು ಇತ್ತು.

ಮುಂದಿನ ಮನೆಗೆ ಹೋಗುವ ದಾರಿಯಲ್ಲಿ, ಯಾಕೆ ಹೇಳಬಾರದು ಎಂದು ಕೇಳಿದೆ. "ಕಾರಣ ಹೇಳಿದ್ರೆ ಇದು ನಿನ್ನ ಹುಳ ಆಗತ್ತೆ. ಆಮೇಲೆ ಅವರ ಮನೆ ಹುಳ ಯಾಕೆ ಹೊರಗೆ ಬರತ್ತೆ? ನನ್ನದು ಅಂದ್ರೆ ತಾನೇ ಅವರಿಗೂ ಧೈರ್ಯ" ಎಂದರು. ಮುಖ ಕೆಂಪಾಗಿತ್ತು. ಆದರೂ ಎರಡು ಬೀದಿ ಮುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಜಗಲಿ ತುಂಬಿಹೋಯಿತು. ಅಕ್ಕಿ, ಜೋಳ, ರವೆ, ಕಡಲೇಕಾಯಿ ಬೀಜ. ನಾವು ಹೋಗದ ಮನೆಗಳಿಂದಲೂ ಹೆಂಗಸರು ತಾವಾಗಿಯೇ ತಂದು ಸುರಿದು, ಸಮಾಧಾನದ ಮುಖ ಹೊತ್ತು ಹಿಂದಿರುಗಿದರು. ಅಮ್ಮ ಕಾಲು ಚಾಚಿ ಕೂತು, ಆ ಉದ್ದ ಉಗುರಿನಿಂದ ಮೂತಿಹುಳಗಳನ್ನು ಚಿಮ್ಮಿ ಎಸೆದು, ಗೂಡು ಕಟ್ಟಿದ ಮುದ್ದೆಗಳನ್ನು ಮಾತ್ರ ಆರಿಸಿ ಡಬ್ಬಕ್ಕೆ ಹಾಕಿದರು. ಯಜಮಾನರು ಪೇಪರ್ ಕೆಳಗಿಟ್ಟು ನೋಡಿದರು. "ನಲವತ್ತು ವರ್ಷದಲ್ಲಿ ಅನ್ನದಲ್ಲಿ ಒಂದು ಹುಳ ತೋರಿಸ್ಲಿಲ್ಲ ಇವಳು. ಈಗ ನೋಡು, ಎಲ್ಲ ಬಾಕಿ ತೀರಿಸ್ತಿದ್ದಾಳೆ" ಎಂದರು. ಅಮ್ಮ ಅಂದು ಮೊದಲ ಸಲ ನಕ್ಕರು. ನಾನು ಕ್ಷಮೆ ಕೇಳಿದ್ದೂ ಆಗಲೇ. "ಸರಿ ಸರಿ, ಜರಡಿ ಈ ಕಡೆ ಕೊಡು" ಎಂದರು.

ಮೂರು ದಿನಕ್ಕೆ ಕೋಣೆಯೆಲ್ಲ ಪತಂಗ. ಹನ್ನೊಂದನೆಯ ದಿನ ಕಪ್ಪು ಕಾರ್ಡುಗಳ ಕಟ್ಟು ಹಿಡಿದು ಹುಳಿಮಾವಿಗೆ ಹೊರಟೆವು. ಅಮ್ಮನೂ ಬಂದರು, ಬರುತ್ತೇನೆಂದು ಹಟ ಹಿಡಿದು ಬಸ್ಸಿನಲ್ಲಿ ಬಂದರು. ಸೀರೆ ಎತ್ತಿ ಕಟ್ಟಿ, ಸಾಲುಸಾಲಿನಲ್ಲಿ ಬಗ್ಗಿ, ಎಲೆಯ ಅಡಿಗೆ ದಾರದಿಂದ ಕಾರ್ಡು ಕಟ್ಟಿದರು. ಕೆಲವು ಕಾಯಿ ಆಗಲೇ ತೂತು ಬಿದ್ದಿದ್ದವು.

"ತಡ ಆಗಿದ್ದು ನನ್ನಿಂದ ಗೌಡ್ರೇ, ಈ ಹುಡುಗನ ತಪ್ಪಲ್ಲ" ಎಂದರು.

"ಬುಡಿ ತಾಯಿ. ಇವ್ರು ಏಳಿದ್ರು ಅಂತ ಪುಡಿ ಮುಟ್ದೆ ಬುಟ್ಟಿವ್ನಿ. ನೀವೇ ಬಂದ್ ಕಟ್ತಿದ್ದೀರಿ, ಇನ್ನೇನ್ ಆಗ್ಬೇಕು?" ಎಂದರು ಗೌಡರು.

ಮೊದಲ ಕೊಯ್ಲಿನಲ್ಲಿ ತೂತುಬಿದ್ದ ಹಣ್ಣು ಬೇಕಾದಷ್ಟಿತ್ತು. ನಾವು ವಾರವಾರ ಕಾರ್ಡು ಕಟ್ಟಿದೆವು. ಎರಡನೆಯದರಲ್ಲಿ ಕಡಿಮೆಯಾಯಿತು, ಮೂರನೆಯದರಲ್ಲಿ ಹುಡುಕಬೇಕಾಯಿತು. ಸಾಹೇಬರು ಹೊಲಕ್ಕೆ ಬಂದು ನೋಡಿ, ಫೈಲು ಮುಚ್ಚುವ ಮಾತು ಬಿಟ್ಟರು. ಗೌಡರು ಒಂದು ಬುಟ್ಟಿ ಟೊಮೇಟೊ ತಂದು ಅಮ್ಮನ ಜಗಲಿಯಲ್ಲಿಟ್ಟು ಹೋದರು. ಆ ಮನೆಯ ಒಲೆಗೆ ಅದುವರೆಗೆ ಟೊಮೇಟೊ ಹೋಗಿರಲಿಲ್ಲ, ಹಳೆಯ ಕಾಲದ ಕಟ್ಟುಪಾಡು. ಅಂದು ಅದರ ಸಾರು ಮಾಡಿದರು. ಯಜಮಾನರು ಮೂರು ಸಲ ಬಡಿಸಿಕೊಂಡು, ಇಷ್ಟು ವರ್ಷ ಇದನ್ನು ಯಾಕೆ ಬಚ್ಚಿಟ್ಟಿದ್ದೆ ಎಂದು ಜಗಳ ತೆಗೆದರು.

ಎಲ್ಲರಿಗೂ ಒಳ್ಳೆಯದೇ ಆಯಿತು, ಅಮ್ಮನ ಹೆಸರೊಂದು ಮಾತ್ರ ಹೋಯಿತು. ಆಮೇಲೆ ಯಾರೂ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಉಪಾಯ ಕೇಳಲು ಬರಲಿಲ್ಲ. ಅವರ ಮನೇಲೂ ಹುಳ ಎನ್ನುವ ಮಾತು ಅರಿಸಿನ ಕುಂಕುಮದ ದಿನಗಳಲ್ಲಿ ವರ್ಷಗಟ್ಟಲೆ ನಡೆಯಿತು. ಈಗಲಾದರೂ ನಿಜ ಹೇಳುತ್ತೇನೆ ಎಂದು ನಾನು ಎಷ್ಟೋ ಸಲ ಹೊರಟಿದ್ದೆ. "ಸುಮ್ನಿರು. ಎಲ್ಲರೂ ನೆಮ್ಮದಿಯಾಗಿದ್ದಾರೆ" ಎನ್ನುತ್ತಿದ್ದರು. ಅವರಿಗೆ ನೋವಾಗಲಿಲ್ಲ ಎಂದು ಮಾತ್ರ ನಾನು ನಂಬುವುದಿಲ್ಲ.

ಮೂರು ವರ್ಷದ ಮೇಲೆ ಕಬ್ಬಿನ ಕೆಲಸಕ್ಕೆ ನನ್ನನ್ನು ಮಂಡ್ಯಕ್ಕೆ ವರ್ಗ ಮಾಡಿದರು. ಹೊರಡುವ ದಿನ ಅಮ್ಮ, "ಅಲ್ಲಿ ನಿನ್ನ ಡಬ್ಬ ಬರಿದಾದ್ರೆ ಏನೋ ಮಾಡ್ತೀಯಾ?" ಎಂದರು. "ನಿಮ್ಮ ಹತ್ರ ಬರ್ತೀನಿ" ಎಂದು ನಗೆಯಾಡಿದೆ. ಅವರು ನಗಲಿಲ್ಲ, ತಲೆಯಾಡಿಸಿದರು. ಆಮೇಲೆ ಬೆಂಗಳೂರಿಗೆ ಬಂದಾಗಲೆಲ್ಲ ಅವರಲ್ಲಿಗೆ ಹೋಗುತ್ತಿದ್ದೆ. ಮದುವೆಯಾದ ಮೇಲೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಅವಳಿಗೆ ಅಮ್ಮ ಕೊಟ್ಟದ್ದು ಒಂದು ಸೀಸೆ ಹರಳೆಣ್ಣೆ. ನನ್ನನ್ನು ಕೇಳುತ್ತಿದ್ದದ್ದು ಒಂದೇ, "ನಿನ್ನ ಘಾಟಿ ಹೆಂಗಸರು ಹೇಗಿದ್ದಾರೆ?"

ಅರವತ್ತರ ದಶಕ ಮುಗಿಯುತ್ತಿದ್ದಾಗ ಅವರು ಹೋದರು. ಯಜಮಾನರು ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಕಾಗದ ತಲುಪಿ ನಾನು ಜಯನಗರಕ್ಕೆ ಬರುವ ಹೊತ್ತಿಗೆ ವೈಕುಂಠ ಸಮಾರಾಧನೆ. ಊಟ ಮುಗಿದು ಜನ ಕರಗಿದ ಮೇಲೆ ಅವರ ಮಗಳು ನನ್ನನ್ನು ಉಗ್ರಾಣಕ್ಕೆ ಕರೆದರು. ಡಬ್ಬಗಳು ಅದೇ ಸಾಲಿನಲ್ಲಿದ್ದವು, ಅದೇ ಬೇವಿನ ವಾಸನೆ. ಮೂಲೆಯಲ್ಲಿ ಒಂದು ಡಬ್ಬ ಮಾತ್ರ ಬೇರೆಯಾಗಿ ನಿಂತಿತ್ತು. ಅದರ ಬಾಯಿಗೆ ಎರಡು ಮಡಿಕೆ ಬಟ್ಟೆ ಕಟ್ಟಿತ್ತು.

"ಅಮ್ಮನಿಗೆ ಕೊನೆಗೆ ಕಣ್ಣು ಮಂಜಾಗಿತ್ತು ಅಂತ ಕಾಣತ್ತೆ" ಎಂದರು ಮಗಳು, ದನಿ ತಗ್ಗಿಸಿ. "ನೋಡಿ, ಇದರ ತುಂಬ ಹುಳ. ಯಾರಿಗೂ ಹೇಳ್ಬೇಡಿ. ನಿಮಗೆ ಇದೆಲ್ಲ ಗೊತ್ತಲ್ಲ, ಎಲ್ಲಾದ್ರೂ ದೂರ ಚೆಲ್ಲಿಬಿಡಿ."

ಬಟ್ಟೆ ಬಿಚ್ಚಿದೆ. ನಾಲ್ಕಾರು ಬೂದು ಪತಂಗಗಳು ನನ್ನ ಮುಖಕ್ಕೇ ಹಾರಿದವು. ಒಳಗೆ ಹೊಸದಾಗಿ ಬೀಸಿದ ಜೋಳದ ನುಚ್ಚು, ಅದರ ಮೇಲೆಲ್ಲ ದಟ್ಟವಾಗಿ ನೂಲು. ಕಣ್ಣು ಮಂಜಾದವರು ಬೀಸಿದ ನುಚ್ಚು ಅದಾಗಿರಲಿಲ್ಲ. ನಾನು ಮೊಳಕೈವರೆಗೆ ಕೈಹಾಕಿ ತಳ ಮುಟ್ಟಿದೆ, ಮೂಲೆಮೂಲೆ ತಡಕಿದೆ. ಕೈ ಹೊರತೆಗೆದು ಮೂಸಿದೆ. ಜೋಳದ ವಾಸನೆ ಬಿಟ್ಟು ಏನೂ ಇರಲಿಲ್ಲ. ಕಾಳು ಕಂಡರೆ ತಾನಾಗಿ ಎಣ್ಣೆ ಸವರುತ್ತಿದ್ದ ಕೈ ಅದು. ನಾನು ಹೋದ ಮೇಲೆ ಅಷ್ಟು ವರ್ಷ, ಪ್ರತಿ ಸಲ ಜೋಳ ಬದಲಿಸುವಾಗಲೂ, ನಾನೊಂದು ದಿನ ಬರಬಹುದು ಎಂದು ಅವರು ಆ ಕೈಯನ್ನು ಹಿಡಿದು ನಿಲ್ಲಿಸಿಕೊಂಡಿದ್ದರು.

ಮಗಳಿಗೆ ಎಲ್ಲ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಇಬ್ಬರೂ ಅಳುತ್ತಿದ್ದೆವು. ಆಮೇಲೆ ಬಟ್ಟೆಯನ್ನು ಮತ್ತೆ ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿ, ಮಂಡ್ಯದ ಬಸ್ಸಿನಲ್ಲಿ ಆ ಡಬ್ಬವನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕೂತೆ. ಒಳಗೇನು ಎಂದು ಪಕ್ಕದವರು ಕೇಳಿದರು.

"ನಮ್ಮ ಮನೆ ಹುಳ" ಎಂದೆ, ಬಸ್ಸಿಗೆಲ್ಲ ಕೇಳುವಂತೆ.